ನೀರಿಲ್ಲದ ಕಡೆ ಹುಂಡುಕೋಳಿ ಬರುತ್ತದಾ?

ಪ್ರಶ್ನೆ: ನಮ್ಮ ಮನೆ ಘಟ್ಟದ ಕಾಡಂಚಿನಲ್ಲಿದೆ. ಅಕ್ಟೋಬರ್ ಕೊನೆಯಲ್ಲಿ ಒಂದು ರಾತ್ರಿ ಜಗಲಿಯ ದೀಪದ ಕೆಳಗೆ ಹಕ್ಕಿಯೊಂದು ಸುಸ್ತಾಗಿ ಕೂತಿತ್ತು. ತಲೆ, ಎದೆ ಇಟ್ಟಿಗೆ ಕೆಂಪು. ಹೊಟ್ಟೆಯ ಮೇಲೆ ಕಪ್ಪು ಬಿಳಿ ಅಡ್ಡಪಟ್ಟೆ. ಕಾಲು ಬೂದು. ಮನೆಯವರೆಲ್ಲ ಹುಂಡುಕೋಳಿ ಎಂದರು. ಆದರೆ ಹತ್ತಿರ ಕೆರೆಯೂ ಇಲ್ಲ, ಗದ್ದೆಯೂ ಇಲ್ಲ. ಇದು ಯಾವ ಹಕ್ಕಿ?

ಉತ್ತರ: ಕಾಲಿನ ಬಣ್ಣ ಬರೆದು ಒಳ್ಳೆಯ ಕೆಲಸ ಮಾಡಿದಿರಿ. ಅದರಿಂದಲೇ ಗುರುತು ಸಿಕ್ಕಿತು. ಇದು ಸ್ಲೇಟಿ ಲೆಗ್ಡ್ ಕ್ರೇಕ್. ಹುಂಡುಕೋಳಿಯ ಬಳಗದ್ದೇ, ಆದರೆ ಕಾಡಿನ ಹಕ್ಕಿ. ಕೆರೆಗಿಂತ ಇದಕ್ಕೆ ಮರದ ನೆರಳು, ಪೊದೆ, ತರಗೆಲೆ ಇಷ್ಟ. ಉದ್ದ ಸುಮಾರು 25 ಸೆಂ.ಮೀ. ಹುಂಡುಕೋಳಿಯ ಮುಖ, ಎದೆ ಅಚ್ಚ ಬಿಳಿ ಇರುತ್ತದೆ, ಹೊಟ್ಟೆಯಲ್ಲಿ ಪಟ್ಟೆ ಇರುವುದಿಲ್ಲ.

ಮಳೆಗಾಲದ ರಾತ್ರಿಗಳಲ್ಲಿ 'ಕೆಕ್ ಕೆಕ್, ಕೆಕ್ ಕೆಕ್' ಎಂಬ ಕೂಗನ್ನು ನಾನು ಮೂರು ವರ್ಷ ಕಪ್ಪೆಯದೆಂದೇ ನಂಬಿದ್ದೆ. ನಾಲ್ಕನೇ ವರ್ಷ ಜುಲೈ ತಿಂಗಳ ಒಂದು ಸಂಜೆ, ಬಿದಿರು ಮೆಳೆಯ ಬುಡದಿಂದ ಈ ಹಕ್ಕಿ ಹೊರಗೆ ಬಂತು. ಕೊಕ್ಕಿನಿಂದ ಎಲೆ ಸರಿಸಿ ಹುಳ ಹೆಕ್ಕಿತು. ಗಿಡ್ಡ ಬಾಲವನ್ನು ಮತ್ತೆ ಮತ್ತೆ ಮೇಲಕ್ಕೆ ಕುಣಿಸಿತು. ನಾನು ಕಾಲು ಬದಲಿಸಿದ್ದೇ ತಡ, ಓಡಿ ಮೆಳೆ ಸೇರಿತು. ಹಾರಲೇ ಇಲ್ಲ. ಅರ್ಧ ನಿಮಿಷವೂ ಸಿಗದ ಆ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾದರೆ ಓಡುವ ಹಕ್ಕಿ ನಿಮ್ಮ ಜಗಲಿಗೆ ಹೇಗೆ ಬಂತು? ಹಾರಿಯೇ ಬಂದಿದೆ. ಮಳೆಗಾಲದಲ್ಲಿ ಇಲ್ಲಿ ಮರಿ ಮಾಡಿದ ಎಷ್ಟೋ ಹಕ್ಕಿಗಳು ಚಳಿಗಾಲಕ್ಕೆ ಶ್ರೀಲಂಕಾ ಕಡೆ ಹೋಗುತ್ತವೆ, ಅದೂ ರಾತ್ರಿ ಹೊತ್ತು. ಅಲ್ಲಿ ತಲುಪುವಾಗಲೂ ದಣಿದು ಮನೆಗಳೊಳಗೆ ನುಗ್ಗುವುದುಂಟು. ನೀವು ಹೇಳಿದ ತಿಂಗಳು ಇದಕ್ಕೆ ಸರಿಯಾಗಿ ಹೊಂದುತ್ತದೆ, ಅಲ್ವಾ?

ಇದರ ಕುಲಕ್ಕೆ ರಾಲಿನಾ ಎಂದು ಹೆಸರು. ಕೆಂಪು ಕಾಲಿನ ಜಾತಿ ಆಗ್ನೇಯ ಏಷ್ಯಾದ್ದು, ಅದರ ರೆಕ್ಕೆಯ ಮೇಲೂ ಬಿಳಿ ಪಟ್ಟೆಗಳಿವೆ. ಅಂಡಮಾನ್ ದ್ವೀಪಗಳಲ್ಲಿ ಮಾತ್ರ ಇರುವ ಇನ್ನೊಂದು ಜಾತಿ ನಿಮ್ಮ ಹಕ್ಕಿಗಿಂತ ಜಾಸ್ತಿ ದೊಡ್ಡದು. ಅದರ ಕೊಕ್ಕು ಹಸಿರು. ನ್ಯೂಗಿನಿಯ ಗುಡ್ಡಗಾಡಿನ ಕೆಲವು ಹಕ್ಕಿಗಳನ್ನೂ ಮೊದಲು ಇದೇ ಕುಲಕ್ಕೆ ಸೇರಿಸಿದ್ದರು. ಡಿಎನ್ಎ ನೋಡಿದ ಮೇಲೆ ಅವು ಬೇರೆಯೇ ಕುಟುಂಬಕ್ಕೆ ಹೋದವು.

ಮುಂದೆ ಹೀಗೆ ಹಕ್ಕಿ ಬಂದರೆ ಮೊದಲು ದೀಪ ಆರಿಸಿ. ಬೆಕ್ಕು, ನಾಯಿಯನ್ನು ಒಳಗೆ ಕಟ್ಟಿ. ಏಳಲಾಗದಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಿಗೆ ಇಡಿ. ಬಾಯಿಗೆ ನೀರು ಹಾಕಲೇಬೇಡಿ, ಉಸಿರು ಕಟ್ಟುತ್ತದೆ. ಚೇತರಿಸಿಕೊಂಡ ಮೇಲೆ ಮುಸ್ಸಂಜೆ ಹೊತ್ತಿಗೆ ಪೊದೆಯ ಪಕ್ಕ ಡಬ್ಬ ತೆರೆದಿಟ್ಟು ದೂರ ಸರಿಯಿರಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.