ಅಮ್ಮನ ಕಿಡ್ನಿ ಮಗನಿಗೆ ಸಾಕಾಗುತ್ತದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ. ನನಗೆ 34 ವರ್ಷ, ತೂಕ 72 ಕೆಜಿ. ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಓಡಾಡುತ್ತಿದ್ದೇನೆ. ಅಮ್ಮ ಕಿಡ್ನಿ ಕೊಡುತ್ತೇನೆ ಅಂತಿದ್ದಾರೆ. ಅವರಿಗೆ 58, ತೂಕ 46 ಕೆಜಿ, ಬಿಪಿ, ಶುಗರ್ ಇಲ್ಲ. ಕ್ರಿಯಾಟಿನಿನ್ 0.8. ಕಿಡ್ನಿಯ ಕೆಲಸ ನೋಡುವ ಡಿಟಿಪಿಎ ಸ್ಕ್ಯಾನ್‌ನಲ್ಲಿ ಜಿಎಫ್‌ಆರ್ (ಎರಡೂ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ಸೋಸುತ್ತವೆ ಅನ್ನೋ ಅಂಕಿ) 82. ಅದರಲ್ಲಿ ಎಡ ಕಿಡ್ನಿಯ ಪಾಲು 54%, ಬಲದ್ದು 46%. ಈ ಕಿಡ್ನಿ ನನಗೆ ಸಾಕಾ? ಅಣ್ಣನಿಗೆ 40, ಆದರೆ ಶುಗರ್ ಬಾರ್ಡರ್‌ನಲ್ಲಿದೆ.

ಉತ್ತರ: ಕ್ರಿಯಾಟಿನಿನ್ 0.8 ನೋಡಿ ನಿಶ್ಚಿಂತರಾಗಬೇಡಿ. ಅದು ಸ್ನಾಯುವಿನಿಂದ ಹುಟ್ಟುವ, ಕಿಡ್ನಿ ಸೋಸಿ ಹೊರಹಾಕುವ ಕಸ. ತೆಳ್ಳಗಿರುವ ಹೆಂಗಸರಲ್ಲಿ ಕಿಡ್ನಿಯ ಕೆಲಸ ಒಂದಿಷ್ಟು ಇಳಿದಿದ್ದರೂ ರಿಪೋರ್ಟ್ ನಾರ್ಮಲ್ ಅಂತಲೇ ಬರುತ್ತದೆ. ಸ್ಕ್ಯಾನ್ ಮಾಡಿಸಿದ್ದು ಒಳ್ಳೆಯದಾಯಿತು.

ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2017ರ ಮಾರ್ಗಸೂಚಿಯಲ್ಲಿ ಜಿಎಫ್‌ಆರ್ 90ರ ಮೇಲಿದ್ದರೆ ದಾನಕ್ಕೆ ಅಡ್ಡಿಯಿಲ್ಲ, 60ಕ್ಕಿಂತ ಕೆಳಗಿದ್ದರೆ ಬೇಡ, ನಡುವೆ ಇದ್ದರೆ ವ್ಯಕ್ತಿಯನ್ನು ನೋಡಿ ತೀರ್ಮಾನ. ವಯಸ್ಸಾದಂತೆ ಇದು ಇಳಿಯುವುದು ಸಹಜ, ಹಾಗಾಗಿ 58ಕ್ಕೆ 82 ಕೆಟ್ಟದ್ದೇನಲ್ಲ.

ಆದರೆ ಒಂದು ವಿಷಯ ಕೇಳಲೇಬೇಕು. ಆ 82 ಅನ್ನು ಮೈಯ ಅಳತೆಗೆ, ಅಂದರೆ 1.73 ಚದರ ಮೀಟರ್‌ಗೆ ಹೊಂದಿಸಿ ಬರೆದಿದ್ದಾರಾ? ಹೌದಾದರೆ, ಅಮ್ಮನಂಥ ಸಣ್ಣ ಮೈಯವರ ಎರಡೂ ಕಿಡ್ನಿ ಸೇರಿ ನಿಜವಾಗಿ ಸೋಸುವುದು ನಿಮಿಷಕ್ಕೆ ಸುಮಾರು 65 ಮಿಲಿ ಇರಬಹುದು. ಅಮ್ಮನ ಆರೋಗ್ಯದ ಮಟ್ಟಿಗೆ ಮೈಯ ಅಳತೆಗೆ ಹೊಂದಿಸಿದ ಅಂಕಿ ನೋಡಬೇಕು, ನಿಮಗೆ ಸಾಕಾ ಅನ್ನೋದಕ್ಕೆ ಹೊಂದಿಸದ ಅಂಕಿ. ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುವುದನ್ನು ದಾನಿಗೇ ಉಳಿಸುತ್ತಾರೆ, ಹಾಗಾಗಿ ನಿಮಗೆ ಬಲಗಡೆಯದು ಬಂದರೆ ಶುರುವಿನಲ್ಲಿ ಸಿಗುವುದು 30 ಮಿಲಿ ಆಸುಪಾಸು. ಒಂಟಿಯಾದ ಕಿಡ್ನಿ ದುಡಿಮೆ ಹೆಚ್ಚಿಸಿಕೊಳ್ಳುತ್ತದೆ ನಿಜ, ಆದರೂ 46 ಕೆಜಿಯವರ ಕಿಡ್ನಿ 72 ಕೆಜಿ ಮೈಯನ್ನು ಹೊರುವಾಗ ಭಾರ ಜಾಸ್ತಿ. ದಾನಿಯ ಜಿಎಫ್‌ಆರ್ ಕಡಿಮೆಯಿದ್ದು ಪಡೆಯುವವರ ಮೈ ದೊಡ್ಡದಾದರೆ ಒಂದು ವರ್ಷದ ಹೊತ್ತಿಗೆ ಕ್ರಿಯಾಟಿನಿನ್ ಸ್ವಲ್ಪ ಮೇಲೆಯೇ ನಿಲ್ಲುತ್ತದೆ, ಕಿಡ್ನಿಯ ಬಾಳಿಕೆಯೂ ಕಡಿಮೆಯಾಗಬಹುದು. ಹಾಗಂತ ಬೇಡ ಅನ್ನಲ್ಲ. ನಿಮ್ಮ ವಯಸ್ಸಿಗೆ ವರ್ಷಗಟ್ಟಲೆ ಡಯಾಲಿಸಿಸ್‌ಗಿಂತ ಇದು ಎಷ್ಟೋ ಮೇಲು.

ಅಮ್ಮನಿಗೆ ಕೊಟ್ಟ ಮೇಲೆ ಹೊಂದಿಸಿದ ಅಂಕಿಯಲ್ಲಿ 50-55 ಉಳಿಯಬಹುದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿಲ್ಲ ಅನ್ನೋದು ಖಾತ್ರಿಯಾಗಬೇಕು. ಅಮ್ಮ ಮಂಡಿನೋವಿಗೆ ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರೆ ಇವತ್ತೇ ಬಿಡಿಸಿ.

ಅಣ್ಣನ ಶುಗರ್ ನಿಜಕ್ಕೂ ಬಾರ್ಡರ್ ಅಂತಾದರೆ ನನ್ನ ಒಲವು ಅಮ್ಮನ ಕಡೆಗೇ. ಅವನ ಮುಂದೆ ಇನ್ನೂ ನಾಲ್ಕು ದಶಕದ ಬದುಕಿದೆ, ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಂದರೆ ಉಳಿದ ಒಂದೇ ಕಿಡ್ನಿಗೆ ಕಷ್ಟ.

ಕಸಿಯಾದ ಮೇಲೆ ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ನಿಮ್ಮ ಕಡೆ ಮಳೆಗಾಲದಲ್ಲಿ ರಸ್ತೆ, ಕರೆಂಟು ಯಾವುದೂ ನೆಚ್ಚುವ ಹಾಗಿಲ್ಲ ಅಲ್ವಾ, ಜೂನ್‌ಗೆ ಮೊದಲೇ ತಿಂಗಳ ಮಾತ್ರೆ ಮನೆಯಲ್ಲಿಟ್ಟುಕೊಳ್ಳಿ.