ಪಲ್ಸಾರ್ ಗ್ರಹಣದಲ್ಲಿ ಅಳಿಯುವುದು ತಾಳವೋ, ಸದ್ದೋ?

ಪ್ರಶ್ನೆ: ಜೋಡಿ ತಾರಾವ್ಯವಸ್ಥೆಯಲ್ಲಿರುವ ಕೆಲವು ಪಲ್ಸಾರ್‌ಗಳ (ವೇಗವಾಗಿ ತಿರುಗುತ್ತ, ತಾಳಬದ್ಧವಾಗಿ ರೇಡಿಯೊ ಅಲೆ ಸೂಸುವ ದಟ್ಟ ನಕ್ಷತ್ರಗಳ) ರೇಡಿಯೊ ಮಿಡಿತ ಗ್ರಹಣದ ಹೊತ್ತಿನಲ್ಲಿ ಕಾಣೆಯಾಗುತ್ತದೆ, ಕಡಿಮೆ ಆವರ್ತನದಲ್ಲಿ ಆ ಗ್ರಹಣ ಹೆಚ್ಚು ಹೊತ್ತು ಇರುತ್ತದೆ ಎಂದು ಓದಿದೆ. ಸಂಗಾತಿ ನಕ್ಷತ್ರ ಅಡ್ಡ ಬಂದರೆ ಎಲ್ಲ ಆವರ್ತನಗಳೂ ಒಟ್ಟಿಗೇ ಮರೆಯಾಗಬೇಕಲ್ಲವೇ? ಅಲೆಗಳ ಚದುರುವಿಕೆಯೇ ಇದಕ್ಕೆ ಕಾರಣವೇ?
– ಭೌತವಿಜ್ಞಾನದ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮ ತರ್ಕ ಸರಿಯಾಗಿದೆ. ನಕ್ಷತ್ರದ ಮೈಯೊಂದೇ ಅಡ್ಡ ಬಂದಿದ್ದರೆ ಎಲ್ಲ ಆವರ್ತನಗಳೂ ಒಂದೇ ಕ್ಷಣದಲ್ಲಿ ಮರೆಯಾಗಬೇಕಿತ್ತು. ಹಾಗಾಗದೆ ಇರುವುದರಿಂದಲೇ, ನಡುವೆ ಬರುವುದು ಆ ನಕ್ಷತ್ರದಿಂದ ಹೊರಬಿದ್ದು ಸುತ್ತಲೂ ಹರಡಿದ ವಿದ್ಯುದಾವೇಶದ ಅನಿಲ ಎಂದು ತಿಳಿಯುತ್ತದೆ. 1988ರಲ್ಲಿ ಬೆಳಕಿಗೆ ಬಂದ ಬಿ1957+20 ಎಂಬ ಪಲ್ಸಾರ್ ಸುಮಾರು 1.6 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಅದು ಮತ್ತು ಅದರ ಪುಟ್ಟ ಸಂಗಾತಿ ಸುಮಾರು 9.2 ಗಂಟೆಗೊಂದು ಸುತ್ತು ಬರುತ್ತವೆ. ಪಲ್ಸಾರ್ ಸೂಸುವ ಕಣಗಳ ಹೊಡೆತಕ್ಕೆ ಸಂಗಾತಿ ಕಾದು, ತನ್ನ ಮೈಯ ಅನಿಲವನ್ನು ಕಳೆದುಕೊಳ್ಳುತ್ತಿದೆ.

ಚದುರುವಿಕೆಯನ್ನು ತಿಳಿಯಲು ನಿಮ್ಮೂರಿಗೆ ಹತ್ತಿರದ ಯಾಣಕ್ಕೇ ಹೋಗೋಣ. ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. (ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತವೆ, ಆದ್ದರಿಂದ ಮೆಲ್ಲಗೆ, ಒಂದೇ ಸಲ.) ಕೈಯಿಂದ ಹೊರಟ ಸದ್ದು ಚುರುಕಾಗಿ ಕೇಳಿಸುತ್ತದೆ, ಆದರೆ ಅದೇ ಸದ್ದು ಕರಿಬಂಡೆಯ ಕೊರಕಲುಗಳಿಗೆ ತಾಗಿ, ಒಂದೊಂದು ಪಾಲು ಒಂದೊಂದು ದೂರ ಸಾಗಿ ಮರಳುವಾಗ ಎಳೆದಂತಾಗುತ್ತದೆ. 34 ಮೀಟರ್ ಹೆಚ್ಚು ಸಾಗಿದ ಪಾಲು ಸುಮಾರು 0.1 ಸೆಕೆಂಡ್ ತಡವಾಗಿ ಬರುತ್ತದೆ. ಸೆಕೆಂಡಿಗೆ ಹತ್ತು ಚಪ್ಪಾಳೆಗಳು ಬೀಳುತ್ತಿದ್ದರೆ, ಮರಳಿ ಬರುವ ಸದ್ದುಗಳು ಒಂದರೊಳಗೊಂದು ಬೆರೆತು ಬರಿಯ ಮೊರೆತವಾಗುತ್ತವೆ. ಆಗ ಸದ್ದು ಉಳಿದಿರುತ್ತದೆ, ತಾಳ ಅಳಿದಿರುತ್ತದೆ.

ಅನಿಲದಲ್ಲಿ ಎಲೆಕ್ಟ್ರಾನ್‌ಗಳು ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ವಿರಳವಾಗಿ ಇರುವುದರಿಂದ ರೇಡಿಯೊ ಅಲೆಗಳೂ ಹೀಗೆಯೇ ಹಲವು ದಾರಿಗಳಲ್ಲಿ ಬಾಗಿ ಬರುತ್ತವೆ. 300 ಕಿ.ಮೀ. ಹೆಚ್ಚು ಸಾಗಿದ ಅಲೆ ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ಅಷ್ಟು ಬೇಗ ಮಿಡಿಯುವ ಪಲ್ಸಾರ್‌ನ ತಾಳ ಕೆಡಲು ಅದೇ ಬಹಳವಾಯಿತು. ಆವರ್ತನ ಅರ್ಧಕ್ಕಿಳಿದರೆ ಈ ಎಳೆತ ಸುಮಾರು 16 ಪಟ್ಟಾಗುತ್ತದೆ. ಆದ್ದರಿಂದ ಅನಿಲದ ತೆಳುವಾದ ಅಂಚೂ ಕಡಿಮೆ ಆವರ್ತನದ ಮಿಡಿತವನ್ನು ಅಳಿಸಬಲ್ಲದು.

ಆದರೂ ಚದುರುವಿಕೆಯೇ ಕಾರಣ ಎಂದು ತೀರ್ಮಾನಿಸುವ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳೇ ಅದು: ಮಿಡಿತವನ್ನಷ್ಟೇ ಅಲ್ಲದೆ, ಆ ದಿಕ್ಕಿನಿಂದ ಬರುವ ಒಟ್ಟು ರೇಡಿಯೊ ಹೊಳಪನ್ನೂ ಅಳೆಯಬೇಕು. ಎಳೆತ ಮಾತ್ರ ಆಗಿದ್ದರೆ ಹೊಳಪು ಉಳಿದಿರುತ್ತದೆ. ಅದೂ ಕುಗ್ಗಿದ್ದರೆ ಅಲೆಗಳನ್ನು ಅನಿಲ ಹೀರಿಕೊಂಡಿರಬಹುದು. ಪುಣೆ ಬಳಿಯ ಖೋಡದ್‌ನಲ್ಲಿರುವ, 45 ಮೀಟರ್ ಅಗಲದ 30 ಆಂಟೆನಾಗಳ ಜಿಎಂಆರ್‌ಟಿ ದೂರದರ್ಶಕ ಪತ್ತೆಮಾಡಿದ ಜೆ1544+4937 ಎಂಬ ಪಲ್ಸಾರ್, ಗ್ರಹಣದ ವೇಳೆ 322 ಮೆಗಾಹರ್ಟ್ಸ್‌ನಲ್ಲಿ ಕಾಣೆಯಾಗುತ್ತದೆ, 607ರಲ್ಲಿ ಕಾಣಿಸುತ್ತಲೇ ಇರುತ್ತದೆ. ಅದೇ ದೂರದರ್ಶಕದಿಂದ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಲವು ಆವರ್ತನಗಳ ಅಳತೆಗಳಿಗೆ ಚೆನ್ನಾಗಿ ಹೊಂದಿಕೊಂಡದ್ದು ಚದುರುವಿಕೆಯಲ್ಲ. ಕಾಂತಕ್ಷೇತ್ರದಲ್ಲಿ ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುವ ಎಲೆಕ್ಟ್ರಾನ್‌ಗಳು ಅಲೆಗಳನ್ನು ಹೀರಿಕೊಳ್ಳುತ್ತವೆ ಎಂಬ ವಿವರಣೆ.