ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲ ಏರ್ ರೈಫಲ್ಲಿನ ಬಿಡಿಭಾಗಗಳು

ಪ್ರಶ್ನೆ: ಒಂದು ವರ್ಷದಿಂದ ಕ್ಲಬ್ಬಿನ ರೈಫಲ್ ಹಿಡಿದು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದೇನೆ. ಈಗ ಸ್ವಂತದ್ದೊಂದು ಬೇಕೆನಿಸಿದೆ. ಪೂರ್ತಿ ರೈಫಲ್ ಕೊಳ್ಳುವ ಬದಲು ಬ್ಯಾರೆಲ್ ಸಹಿತ ಆ್ಯಕ್ಷನ್ (ಗುಂಡು ಹಾರಿಸುವ ಯಂತ್ರಭಾಗ) ಅನ್ನು ಒಂದೆಡೆ ಕೊಂಡು, ಸ್ಟಾಕ್ (ಅದನ್ನು ಹೊತ್ತು ಕೈ, ಭುಜಗಳಿಗೆ ಒರಗುವ ಒಡಲು), ಸೈಟ್ (ಗುರಿ ನೋಡುವ ಸಾಧನ), ಬಟ್ ಪ್ಲೇಟ್‌ಗಳನ್ನು ಬೇರೆಯಾಗಿ ಆರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಆಸೆ. ಹಣದ ಹೆಚ್ಚಿನ ಪಾಲು ಯಾವುದಕ್ಕೆ ಹೋಗಬೇಕು? ಗೆಳೆಯರೆಲ್ಲ ಬ್ಯಾರೆಲ್ಲಿಗೆ ಎನ್ನುತ್ತಾರೆ.

ಉತ್ತರ: ಗೆಳೆಯರ ಮಾತನ್ನು ಈ ಒಂದು ವಿಷಯದಲ್ಲಿ ಬದಿಗಿಡಿ. ಸ್ಪರ್ಧೆಗೆಂದೇ ತಯಾರಾದ ಯಾವ ಏರ್ ರೈಫಲ್ಲನ್ನು ತೆಗೆದುಕೊಂಡರೂ, ಅದು ಇಪ್ಪತ್ತು ವರ್ಷ ಹಳೆಯದಾಗಿದ್ದರೂ, ಬ್ಯಾರೆಲ್ ಸುಸ್ಥಿತಿಯಲ್ಲಿದ್ದರೆ ಅದು ನಿಮಗಿಂತ ಚೆನ್ನಾಗಿ ಗುರಿ ಹೊಡೆಯುತ್ತದೆ. ರೈಫಲ್ಲನ್ನು ಇಕ್ಕಳದಲ್ಲಿ ಬಿಗಿದು, ಅದಕ್ಕೆ ಒಗ್ಗುವ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಸೀಸದ ಗುಂಡು) ಹಾಕಿ ಹತ್ತು ಮೀಟರ್ ದೂರಕ್ಕೆ ಹೊಡೆದರೆ ಹಲವು ಗುಂಡುಗಳು ಸೇರಿ ಒಂದೇ ಗುಂಡಿನ ತೂತಿಗಿಂತ ಸ್ವಲ್ಪವೇ ದೊಡ್ಡದಾದ ತೂತು ಮೂಡುತ್ತದೆ. ಗುರಿಹಲಗೆಯ ಹತ್ತರ ಚುಕ್ಕೆ ಕೇವಲ 0.5 ಮಿ.ಮೀ. ವ್ಯಾಸದ್ದು; ಆದರೆ ಪೆಲೆಟ್ 4.5 ಮಿ.ಮೀ. ಇರುವುದರಿಂದ ಅದರ ನಡುಬಿಂದು ಕೇಂದ್ರದಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು ಅಂಕ ದೊರೆಯುತ್ತದೆ. ಒಳ್ಳೆಯ ಬ್ಯಾರೆಲ್ ಈ ಅವಕಾಶದಲ್ಲಿ ತೀರ ಸಣ್ಣ ಪಾಲನ್ನಷ್ಟೇ ತಿನ್ನುತ್ತದೆ. ಉಳಿದದ್ದನ್ನು ತಿನ್ನುವುದು ನಿಂತಿರುವ ಮನುಷ್ಯನ ತೂಗಾಟ.

ಆದ್ದರಿಂದ ಹಣ ಮೊದಲು ಹೋಗಬೇಕಾದದ್ದು ದೇಹವನ್ನು ಮುಟ್ಟುವ ಭಾಗಗಳಿಗೆ, ಅಂದರೆ ಸ್ಟಾಕ್, ಕೆನ್ನೆಯ ಆಸರೆ, ಭುಜಕ್ಕೆ ಕೂರುವ ಬಟ್ ಪ್ಲೇಟ್ ಮತ್ತು ಹಿಡಿಗೆ. ನಿಂತು ಹೊಡೆಯುವ ಭಂಗಿಯಲ್ಲಿ ರೈಫಲ್ಲಿನ ಭಾರವನ್ನು ಸ್ನಾಯುಗಳಲ್ಲ, ಮೂಳೆಗಳು ಹೊರಬೇಕು. ಎಡಗೈಯ ಮೊಣಕೈ ಸೊಂಟದ ಮೂಳೆಯ ಮೇಲೆ ಕೂತು, ಮುಂಗೈ ಕಂಬದಂತೆ ನಿಂತು, ರೈಫಲ್ ತಾನಾಗಿ ಅದರ ಮೇಲೆ ಒರಗಬೇಕು. ಹೀಗೆ ನಿಂತಾಗ ತಲೆ ನೆಟ್ಟಗಿರುವುದು ಅಗತ್ಯ, ಏಕೆಂದರೆ ಸಮತೋಲನವನ್ನು ಕಾಯುವ ಅಂಗ ಒಳಗಿವಿಯಲ್ಲಿದೆ, ಮತ್ತು ತಲೆ ವಾಲಿದಷ್ಟೂ ದೇಹದ ತೂಗಾಟ ಹೆಚ್ಚುತ್ತದೆ. ಕೆನ್ನೆಯ ಆಸರೆ ತಗ್ಗಾಗಿದ್ದರೆ ನೀವು ಕತ್ತನ್ನು ಬಗ್ಗಿಸಿ ಸೈಟನ್ನು ಹುಡುಕುತ್ತೀರಿ. ಎತ್ತರವಾಗಿದ್ದರೆ ಕೆನ್ನೆಯಿಂದ ರೈಫಲ್ಲನ್ನು ಒತ್ತುತ್ತೀರಿ. ಎರಡರಲ್ಲೂ ಗುಂಡು ತಪ್ಪುವುದು ನಿಮ್ಮ ಸ್ಟಾಕಿನಿಂದ, ಬೈಗುಳ ಕೇಳುವುದು ಬ್ಯಾರೆಲ್ಲು.

ಸ್ಟಾಕ್ ಸರಿಹೊಂದಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಗುಂಡು ತುಂಬದ ರೈಫಲ್ಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಭಂಗಿಯಲ್ಲಿ ನಿಂತು, ಕಣ್ಣು ಮುಚ್ಚಿ, ಎರಡು ಮೂರು ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಹಿಂದಿನ ಸೈಟಿನ ತೂತು, ಮುಂದಿನ ಸೈಟಿನ ವೃತ್ತ ಮತ್ತು ಗುರಿಯ ಕಪ್ಪು ಮೂರೂ ಒಂದರೊಳಗೊಂದು ಕಂಡರೆ ಅಳತೆ ಸರಿಯಿದೆ. ಸೈಟಿನ ಒಳಗೆ ಒಂದು ಬದಿಯಲ್ಲಿ ಕತ್ತಲೆಯ ಅರ್ಧಚಂದ್ರ ಕಂಡರೆ ಕೆನ್ನೆಯ ಆಸರೆಯನ್ನು ಸರಿಸಬೇಕು. ಸೈಟುಗಳು ಹೊಂದಿಕೊಂಡಿದ್ದು ಗುರಿ ಮಾತ್ರ ಪಕ್ಕಕ್ಕಿದ್ದರೆ ಪಾದಗಳನ್ನು ಸರಿಸಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡು ತಿಂಗಳುಗಟ್ಟಲೆ ಸ್ಟಾಕಿನ ತಿರುಪುಗಳೊಡನೆ ಹೆಣಗಿದವರನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಸ್ಟಾಕಿನ ಒಳಗಿನ ತೋಡು ಆಯಾ ಆ್ಯಕ್ಷನ್ನಿನ ಆಕಾರಕ್ಕೇ ಕೊರೆದದ್ದಾಗಿರುತ್ತದೆ. ಒಂದು ತಯಾರಿಕೆಯ ಸ್ಟಾಕ್ ಮತ್ತೊಂದಕ್ಕೆ ಕೂರುವುದಿಲ್ಲ, ಒಂದೇ ಸಂಸ್ಥೆಯ ಎರಡು ಮಾದರಿಗಳ ನಡುವೆಯೂ ಕೂರದಿರಬಹುದು. ಹಿಂದಿನ ಸೈಟ್ ಕೂರುವ ಹಳಿ ಬಹುಪಾಲು ರೈಫಲ್ಲುಗಳಲ್ಲಿ 11 ಮಿ.ಮೀ. ಅಳತೆಯದೇ ಆದ್ದರಿಂದ ಅಲ್ಲಿ ತೊಡಕು ಕಡಿಮೆ. ಮುಂದಿನ ಸೈಟಿನ ಕೊಳವೆಗಳು ಮಾತ್ರ 18 ಮತ್ತು 22 ಮಿ.ಮೀ. ಎಂಬ ಎರಡು ಗಾತ್ರಗಳಲ್ಲಿ ಬರುತ್ತವೆ, ಒಂದರ ಒಳವೃತ್ತ ಇನ್ನೊಂದಕ್ಕೆ ಆಗದು. ಇನ್ನು ಜೋಡಿಸುವಾಗ ಆ್ಯಕ್ಷನ್ನನ್ನು ಸ್ಟಾಕಿಗೆ ಬಿಗಿಯುವ ತಿರುಪುಗಳನ್ನು ಕೈ ಅಂದಾಜಿನಲ್ಲಿ ಬಿಗಿಯದೆ, ತಯಾರಕರು ಹೇಳಿದ ಬಲಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಒಂದು ತಿರುಪು ಸಡಿಲವಾದರೂ ಗುಂಡು ಬೀಳುವ ಜಾಗ ಸದ್ದಿಲ್ಲದೆ ಸರಿಯುತ್ತದೆ.

ಪ್ರಶ್ನೆ: ಸ್ಪ್ರಿಂಗಿನ ಬಲದಿಂದ ಗಾಳಿಯನ್ನು ಒತ್ತುವ ಸ್ಪ್ರಿಂಗ್ ರೈಫಲ್ ಒಳ್ಳೆಯದೋ, ಗಾಳಿ ತುಂಬಿದ ಸಿಲಿಂಡರಿನದೋ? ಹಳೆಯದೊಂದು ಸ್ಪ್ರಿಂಗ್ ಮಾದರಿ ಕಡಿಮೆ ಬೆಲೆಗೆ ಸಿಗುತ್ತಿದೆ.

ಉತ್ತರ: ಹಳೆಯ ಸ್ಪರ್ಧಾ ಸ್ಪ್ರಿಂಗ್ ರೈಫಲ್ಲುಗಳನ್ನು ಕೀಳಾಗಿ ಕಾಣಬೇಡಿ. ಫೈನ್‌ವೆರ್ಕ್‌ಬಾವ್ ಎಂಬ ಜರ್ಮನ್ ಸಂಸ್ಥೆಯ 300 ಸರಣಿಯ ರೈಫಲ್ಲುಗಳಲ್ಲಿ ಸ್ಪ್ರಿಂಗಿನ ಹಿನ್ನೂಕನ್ನು ತಾಳಿಕೊಳ್ಳಲು ಇಡೀ ಆ್ಯಕ್ಷನ್ ಸ್ಟಾಕಿನ ಮೇಲೆ ಜಾರುಹಳಿಯಲ್ಲಿ ಹಿಂದೆ ಸರಿಯುವ ವ್ಯವಸ್ಥೆಯಿತ್ತು. ಹೊಡೆಯುವವನ ಭುಜಕ್ಕೆ ಅದು ತಟ್ಟುವುದೇ ಇಲ್ಲ. ಆದರೆ ಸಾಮಾನ್ಯ ಸ್ಪ್ರಿಂಗ್ ರೈಫಲ್ಲಿನಲ್ಲಿ ಪೆಲೆಟ್ ಬ್ಯಾರೆಲ್ಲಿನಿಂದ ಹೊರಬೀಳುವ ಮೊದಲೇ ರೈಫಲ್ ಅಲುಗಿಬಿಡುತ್ತದೆ. ಕಲಿಯುವವರಿಗೆ ಅದು ತಮ್ಮ ತಪ್ಪನ್ನೂ ರೈಫಲ್ಲಿನ ಅಲುಗಾಟವನ್ನೂ ಬೇರ್ಪಡಿಸಲು ಬಿಡುವುದಿಲ್ಲ. ನಡುವಿನ ದಾರಿಯೆಂದರೆ ಪಕ್ಕದ ಸನ್ನೆಯನ್ನು ಒಮ್ಮೆ ಎಳೆದು ಒಂದೇ ಗುಂಡಿಗೆ ಬೇಕಾದ ಗಾಳಿಯನ್ನು ಒತ್ತುವ ರೈಫಲ್ಲುಗಳು. ಅವುಗಳಿಗೆ ಸಿಲಿಂಡರ್ ಬೇಡ, ಹಿನ್ನೂಕೂ ನಾಮಮಾತ್ರ. ಹಳೆಯದಾದಾಗ ಕೆಡುವುದು ಮುಖ್ಯವಾಗಿ ರಬ್ಬರ್ ಬಿಗಿಪಟ್ಟಿಗಳು, ಅವನ್ನು ಬದಲಿಸಬಹುದು. ಪ್ರತಿ ಗುಂಡಿಗೂ ಭಂಗಿ ಮುರಿದು ಸನ್ನೆ ಎಳೆಯಬೇಕಾಗುತ್ತದೆ ಎಂಬುದೊಂದೇ ಬೇಸರ. 60 ಗುಂಡುಗಳ ಸ್ಪರ್ಧೆಯಲ್ಲಿ ಅದು ಸಣ್ಣ ಬೇಸರವೇನಲ್ಲ.

ಇಂದಿನ ಸ್ಪರ್ಧಿಗಳ ಕೈಯಲ್ಲಿರುವುದು ಬಹುತೇಕ 200 ಬಾರ್ ಒತ್ತಡದ ಸಿಲಿಂಡರ್ ಇರುವ ರೈಫಲ್ಲುಗಳು. ಒಳಗಿನ ನಿಯಂತ್ರಕವು ಪ್ರತಿ ಗುಂಡಿಗೂ ಸಮನಾದ ಒತ್ತಡವನ್ನು ಅಳೆದು ಕೊಡುವುದರಿಂದ ವೇಗ ಸೆಕೆಂಡಿಗೆ ಸುಮಾರು 170 ಮೀಟರಿನಲ್ಲಿ ಸ್ಥಿರವಾಗಿರುತ್ತದೆ. ಇದನ್ನು ಆರಿಸುವುದಾದರೆ ರೈಫಲ್ಲಿಗಿಂತ ಮೊದಲು ಸಿಲಿಂಡರಿನ ಮೇಲೆ ಒತ್ತಿರುವ ದಿನಾಂಕವನ್ನು ಓದಿ. ತಯಾರಕರು ಸಿಲಿಂಡರಿಗೆ ಅವಧಿ ನಿಗದಿಪಡಿಸಿರುತ್ತಾರೆ, ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಸ್ಪರ್ಧೆಯ ನಿಯಮದಂತೆ ಹೊಡೆಯುವವರದೇ. ಅಗ್ಗದ ರೈಫಲ್ಲಿಗೆ ಅವಧಿ ಮುಗಿದ ಸಿಲಿಂಡರ್ ಇದ್ದರೆ ಹೊಸ ಸಿಲಿಂಡರಿನ ಬೆಲೆ ಸೇರಿಸಿ ಲೆಕ್ಕ ಹಾಕಿ. ತುಂಬುವುದು ಒಣಗಿದ ಗಾಳಿಯನ್ನು ಮಾತ್ರ, ಅದೂ ನಿಧಾನವಾಗಿ. ಆಮ್ಲಜನಕವನ್ನು ಎಂದಿಗೂ ತುಂಬಕೂಡದು, ಎಣ್ಣೆಯ ಪಸೆ ತಾಗಿದರೆ ಅದು ಸ್ಫೋಟಿಸುತ್ತದೆ.

ಪ್ರಶ್ನೆ: ಮುಂದಿನ ಸೈಟಿನ ವೃತ್ತ ಎಷ್ಟು ಚಿಕ್ಕದಿದ್ದರೆ ಅಷ್ಟು ನಿಖರವಲ್ಲವೇ?

ಉತ್ತರ: ಹಾಗೆ ತೋರುತ್ತದೆ, ಹಾಗಿಲ್ಲ. ಗುರಿಯ ಕಪ್ಪು ಭಾಗ 30.5 ಮಿ.ಮೀ. ವ್ಯಾಸದ್ದು, ಅದರ ಸುತ್ತ ಬೆಳ್ಳನೆಯ ಅಂಚು ಸ್ಪಷ್ಟವಾಗಿ ಕಾಣುವಷ್ಟು ವೃತ್ತ ದೊಡ್ಡದಿರಬೇಕು. ವೃತ್ತ ಕಪ್ಪನ್ನು ಒತ್ತರಿಸಿದರೆ ನಿಮ್ಮ ಸಹಜ ತೂಗಾಟವೇ ದೊಡ್ಡ ತಪ್ಪಿನಂತೆ ಕಂಡು, ಅಂಚು ಒಂದೆಡೆ ಮಾಯವಾಗಿ ಮತ್ತೊಂದೆಡೆ ಮೂಡಿ, ಕಣ್ಣು ಗಾಬರಿಗೊಳ್ಳುತ್ತದೆ; ಗಾಬರಿಯ ಬೆರಳು ಟ್ರಿಗರನ್ನು ಕಿತ್ತು ಎಳೆಯುತ್ತದೆ. ಹೊಸಬರು 4 ಮಿ.ಮೀ. ಆಸುಪಾಸಿನ ವೃತ್ತದಿಂದ ಆರಂಭಿಸಿ, ಸ್ವಲ್ಪ ದೊಡ್ಡದನ್ನೂ ಹಾಕಿ ನೋಡುವುದು ಮೇಲು. ಗಾತ್ರ ಬದಲಿಸಬಹುದಾದ ವೃತ್ತಕ್ಕೆ ಹಣ ಹಾಕಿದರೆ ಅದು ವ್ಯರ್ಥವಲ್ಲ. ಹಿಂದಿನ ಸೈಟಿನ ತೂತು 1.0ರಿಂದ 1.2 ಮಿ.ಮೀ. ಇದ್ದರೆ ಹೆಚ್ಚಿನ ಕಣ್ಣುಗಳಿಗೆ ಸಾಕು. ಕನ್ನಡಕ ಧರಿಸುವವರು ದೃಷ್ಟಿ ಸರಿಪಡಿಸುವ ಮಸೂರವನ್ನು ಕಣ್ಣಿಗೆ ಧರಿಸಿಯೇ ಹೊಡೆಯಬಹುದು, ನಿಯಮ ಅದಕ್ಕೆ ಒಪ್ಪುತ್ತದೆ. ದೂರದರ್ಶಕ ಸೈಟಿಗೆ ಒಪ್ಪುವುದಿಲ್ಲ.

ಪ್ರಶ್ನೆ: ಪೆಲೆಟ್ಟುಗಳ ಡಬ್ಬಿಯ ಮೇಲೆ 4.49, 4.50, 4.51 ಎಂದೆಲ್ಲ ಬರೆದಿರುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗದಿಂದ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಆಗುತ್ತದೆ. ಅದು ಪೆಲೆಟ್ಟಿನ ತಲೆಯ ವ್ಯಾಸ. ನಿಮ್ಮ ಬ್ಯಾರೆಲ್ ಯಾವುದನ್ನು ಮೆಚ್ಚುತ್ತದೆ ಎಂಬುದನ್ನು ಊಹಿಸಲಾಗದು, ಇಕ್ಕಳದಲ್ಲಿ ಬಿಗಿದು ಹೊಡೆದೇ ತಿಳಿಯಬೇಕು. ಕೈಯಲ್ಲಿ ಹಿಡಿದು ಹೊಡೆದರೆ ನೀವು ಪರೀಕ್ಷಿಸುವುದು ಪೆಲೆಟ್ಟನ್ನಲ್ಲ, ಆ ದಿನದ ನಿಮ್ಮ ಮನಸ್ಸನ್ನು. ಕಾಗದದಲ್ಲಿ ಅಂಚು ಕತ್ತರಿಸಿದಂಥ ತೂತು ಬೀಳಲು ಚಪ್ಪಟೆ ತಲೆಯವನ್ನೇ ಕೊಳ್ಳಿ, ಒಗ್ಗಿದ್ದು ಸಿಕ್ಕ ಮೇಲೆ ಅದೇ ತಯಾರಿಕಾ ಕಂತಿನ ಹಲವು ಡಬ್ಬಿಗಳನ್ನು ಒಟ್ಟಿಗೆ ತೆಗೆದಿಡಿ. ಅವು ಸೀಸದವು, ಹೊಡೆದ ಮೇಲೆ ಊಟಕ್ಕೆ ಮೊದಲು ಕೈ ತೊಳೆಯಿರಿ.

ಪ್ರಶ್ನೆ: ಟ್ರಿಗರನ್ನು ನಾನೇ ಬಿಚ್ಚಿ ಹಗುರಗೊಳಿಸಬಹುದೇ? ಬ್ಯಾರೆಲ್ಲನ್ನು ಕತ್ತರಿಸಿದರೆ ಭಾರ ಕಡಿಮೆಯಾಗುವುದೇ?

ಉತ್ತರ: ಎರಡೂ ಬೇಡ. ಟ್ರಿಗರಿಗೆ ಹೊರಗಿನಿಂದಲೇ ತಿರುಗಿಸುವ ಹೊಂದಾಣಿಕೆಯ ತಿರುಪುಗಳಿರುತ್ತವೆ, ಅವಷ್ಟೇ ನಿಮ್ಮ ಕೆಲಸ. ಒಳಗಿನ ಕೊಂಡಿಯ ಅಂಚನ್ನು ಉಜ್ಜಿದರೆ ರೈಫಲ್ ಬೆರಳು ತಾಗದೆಯೂ ಹಾರಬಹುದು. ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಾಳಬೇಕೆಂಬ ನಿಯಮವಿದೆ, ಏರ್ ರೈಫಲ್ಲಿಗೆ ಅಂಥ ಮಿತಿಯಿಲ್ಲ. ಈ ಸ್ವಾತಂತ್ರ್ಯವನ್ನು ಮೊದಲ ವರ್ಷದಲ್ಲೇ ಪೂರ್ತಿ ಬಳಸಬೇಕಾಗಿಲ್ಲ. ಬ್ಯಾರೆಲ್, ಕವಾಟ, ಸಿಲಿಂಡರ್ ಇವುಗಳ ಕೆಲಸವನ್ನು ಪರಿಣತ ಬಂದೂಕು ಮೇಸ್ತ್ರಿಗೆ ಬಿಡಿ, ಬಿಡಿಭಾಗಗಳನ್ನು ಕೊಳ್ಳುವ ಮೊದಲು ನೀವಿರುವ ದೇಶದ ಕಾನೂನನ್ನು ಕ್ಲಬ್ಬಿನ ಮೂಲಕ ವಿಚಾರಿಸಿಕೊಳ್ಳಿ. ಭಾರದ ಮಾತಿಗೆ ಬಂದರೆ, ಸ್ಪರ್ಧೆಯಲ್ಲಿ ರೈಫಲ್ 5.5 ಕಿ.ಗ್ರಾಂ ಮೀರಬಾರದು. ನಿಮಗೆ ಅಷ್ಟು ಭಾರವೆನಿಸಿದರೆ ಮೊದಲು ಸ್ಟಾಕಿಗೆ ಜೋಡಿಸಿರುವ ಭಾರದ ಬಿಲ್ಲೆಗಳನ್ನು ಕಳಚಿ. ಆಮೇಲೆ ಉಳಿದವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿ. ಮೂಗು ಸ್ವಲ್ಪ ಭಾರವಾದ ರೈಫಲ್ ನಿಧಾನವಾಗಿ ತೂಗುತ್ತದೆ, ಆದರೆ ನಲವತ್ತನೇ ಗುಂಡಿನ ಹೊತ್ತಿಗೆ ಎಡಗೈ ನಡುಗತೊಡಗಿದರೆ ಒಂದು ಬಿಲ್ಲೆಯನ್ನು ಹಿಂದಕ್ಕೆ ತನ್ನಿ.